ಮಾವನ ವಸಡು ಮತ್ತು ಪಾಯಸದ ಪಂಕ್ತಿ

ತುಮಕೂರಿನ ಕಡೆಯಿಂದ ತಮಿಳು ಸೀಮೆಯ ಪೆರಿಯನಾಯಕನಪಾಳ್ಯಕ್ಕೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಮಾವನಿಗೆ ನನ್ನ ಓದಿನ ಬಗ್ಗೆ ದೊಡ್ಡ ಅನುಮಾನವಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗ ನಿಲ್ಲಿಸಿ ಬಂದು, ಜಗಲಿಯಲ್ಲಿ ಕೂತು ವಿಚಾರಣೆ ಶುರುಮಾಡಿದರು.

"ಹಲ್ಲಿಗೆ ಓದಿದ್ದು ಸರಿ ಅಮ್ಮಣಿ. ಅದಾದಮೇಲೆ ಇನ್ನೂ ಯಾದಕ್ಕೆ ಓದಿದೆ?"

"ವಸಡಿಗೆ, ಮಾವ."

"ಈರಿಗಾ!" ಆ ಮನೆಯಲ್ಲಿ ವಸಡಿಗೆ ತಮಿಳಿನ ಈರು ಎಂಬ ಮಾತೇ ಇತ್ತು. "ಹಲ್ಲು ಕಣ್ಣಿಗೆ ಕಾಣ್ತದೆ, ಓದಬೋದು. ಈರಿನಲ್ಲಿ ಓದೋಕೆ ಏನಿದೆ?"

ಅವರ ಮಾತಿಗೆ ಒಂದು ಹಿನ್ನೆಲೆಯಿತ್ತು. ಬಾಯಿಯ ಶುಚಿಯಲ್ಲಿ ಆ ಬೀದಿಯಲ್ಲೇ ತಮ್ಮಷ್ಟು ಕಟ್ಟುನಿಟ್ಟಿನವರಿಲ್ಲವೆಂಬ ಹೆಮ್ಮೆ ಅವರದು. ಮೊದಲು ಬೇವಿನ ಕಡ್ಡಿ, ಆಮೇಲೆ ಪೇಸ್ಟು, ಕೊನೆಗೆ ಕಲ್ಲುಪ್ಪಿನ ತಿಕ್ಕಾಟ. ಅತ್ತೆಯೋ ಹಲ್ಲುಪುಡಿಯಲ್ಲಿ ಬೆರಳನ್ನು ಒಂದು ಸುತ್ತು ಆಡಿಸಿ, ಬಾಯಿ ಮುಕ್ಕಳಿಸಿ, ಎಲೆ ಅಡಿಕೆಗೆ ಕೂರುವವರು. ಆದರೆ ಕಬ್ಬನ್ನು ಹಲ್ಲಿನಲ್ಲೇ ಸಿಗಿಯುತ್ತಿದ್ದವರು ಅತ್ತೆ. ಮಾವ ಚಕ್ಕುಲಿಯಂಥ ಮುರುಕನ್ನು ಕಾಪಿಯಲ್ಲಿ ಅದ್ದಿ, ಅದು ಮೆತ್ತಗಾಗಿ ಸಾಯುವವರೆಗೆ ಕಾದು, ಆಮೇಲೆ ಬಾಯಿಗೆ ಹಾಕುತ್ತಿದ್ದರು. ಬೇಸಿನ್ನಿನಲ್ಲಿ ಕೆಂಪು ಕಂಡು ಕೇಳಿದರೆ, "ಬೀಟ್‌ರೂಟು" ಎನ್ನುತ್ತಿದ್ದರು. ಬೀಟ್‌ರೂಟು ತಾರದ ವಾರದಲ್ಲೂ ಅದೇ ಉತ್ತರ.

ಸೊಸೆಯ ಮುಂದೆ ಬಾಯಿ ತೆರೆಯಲು ಅವರು ಒಪ್ಪಿರಲಿಲ್ಲ. ಕೊನೆಗೆ ತೆರೆಸಿದ್ದು ಕುನ್ನತ್ತೂರಿನ ಒಂದು ವಡೆ.

ಅಲ್ಲಿ ನೆಂಟರ ಹೊಸ ಮನೆಯ ಗೃಹಪ್ರವೇಶ. ಪಾಯಸ ಬರುವ ಹೊತ್ತಿಗೆ, ನನ್ನ ಪಕ್ಕದ ಎಲೆಯಲ್ಲಿದ್ದ ಮಾವ ಥಟ್ಟನೆ ಅಗಿಯುವುದು ನಿಲ್ಲಿಸಿದರು. ಬಾಯಿಗೆ ಕೈ ಅಡ್ಡ ಹಿಡಿದು ಏನನ್ನೋ ಮುಷ್ಟಿಗೆ ತೆಗೆದುಕೊಂಡರು. ಎದುರು ಪಂಕ್ತಿಯವರು ನೋಡುತ್ತಿದ್ದಾರೆಂದು ಗೊತ್ತಾದದ್ದೇ, ಗಟ್ಟಿಯಾಗಿ, "ಕಲ್ಲು! ವಡೆಯಲ್ಲಿ ಕಲ್ಲು!" ಎಂದರು.

ಅಡುಗೆಯವನು ಸೌಟು ಹಿಡಿದೇ ಓಡಿಬಂದ. "ನನ್ನ ವಡೆಯಲ್ಲಿ ಕಲ್ಲಾ? ಎಲ್ಲಿ, ಕಾಟ್ಟುಂಗ ಐಯಾ, ತೋರಿಸಿ!"

ಮುಷ್ಟಿ ಇನ್ನೂ ಬಿಗಿಯಾಯಿತು. ನಾನು, "ಕೊಡಿ ಮಾವ, ನೋಡ್ತೀನಿ" ಎಂದು ಕೈ ಚಾಚಿದೆ. ಅಂಗೈಗೆ ಬಿದ್ದದ್ದು ಕೆಳದವಡೆಯ ಮುಂದಿನ ಹಲ್ಲು, ಬೇರಿನ ಸಮೇತ. ಬೇರಿಗೆ ಕಂದು ಪಾಚಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಆಗ ಮಾವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಪರೀಕ್ಷೆಯಲ್ಲಿ ಚೀಟಿಯೊಂದಿಗೆ ಸಿಕ್ಕಿಬಿದ್ದ ಹುಡುಗನ ಹಾಗಿತ್ತು.

"ಉಪ್ಪಿನ ಹರಳು," ಎಂದೆ ಅಡುಗೆಯವನಿಗೆ. "ನಿಮ್ಮ ವಡೆಯದ್ದೇನೂ ತಪ್ಪಿಲ್ಲ."

ಕೈ ತೊಳೆಯುವಾಗ ಮಾವನ ಕಿವಿಯಲ್ಲಿ ಹೇಳಿದೆ: "ಸೋಮವಾರ ನನ್ನ ಕ್ಲಿನಿಕ್ಕಿಗೆ ಬನ್ನಿ. ಇಲ್ಲವಾದರೆ ಈ ಹರಳನ್ನು ಅತ್ತೆಗೆ ತೋರಿಸ್ತೀನಿ."

ಸೋಮವಾರ ನನಗಿಂತ ಮೊದಲೇ ಬಾಗಿಲಲ್ಲಿದ್ದರು. ಕುರ್ಚಿಯಲ್ಲಿ ಮಲಗಿಸಿ ನೋಡಿದರೆ ವಸಡು ಉಬ್ಬಿ ಹಲ್ಲುಗಳಿಂದ ಬಿಟ್ಟುಕೊಂಡಿತ್ತು, ಎಕ್ಸ್‌ರೇಯಲ್ಲಿ ಮೂಳೆ ಕರಗಿದ್ದು ಕಂಡಿತು. ಅವರಿಗೆ ಅವಮಾನ.

"ಇಷ್ಟು ತಿಕ್ಕಿಯೂ ಕ್ರಿಮಿ ಗೆದ್ದುಬಿಡ್ತಾ ಅಮ್ಮಣಿ?"

"ನೀವು ತಿಕ್ಕಿದ್ದು ಹಲ್ಲಿನ ಮುಖ ಮಾತ್ರ. ಸಂದಿನ ಕ್ರಿಮಿ ಅಲ್ಲೇ ಉಳೀತು. ಆದರೆ ಮೂಳೆ ತಿಂದದ್ದು ಪೂರ್ತಿ ಕ್ರಿಮಿಯಲ್ಲ ಮಾವ. ನಿಮ್ಮ ವಸಡಿನ ಜೀವಕೋಶಗಳ ಮೇಲೆ ರಿಸೆಪ್ಟರ್ ಅಂತ ಇರುತ್ತೆ."

"ಮದುವೆ ರಿಸೆಪ್ಶನ್ ತರವಾ?"

"ಹಾಗೇ ಅಂದುಕೊಳ್ಳಿ. ಬಂದವರು ಯಾರು ಅಂತ ಬಾಗಿಲಲ್ಲೇ ಗುರುತು ಹಿಡಿಯುತ್ತೆ. ಯಾರೂ ಕಲಿಸಬೇಕಿಲ್ಲ, ಹುಟ್ಟಿನಿಂದಲೇ ಗೊತ್ತು. ಕ್ರಿಮಿಯ ಮೈಹೊದಿಕೆ ತಗುಲಿದ ಕೂಡಲೇ ಕೂಗಿ ಪಡೆ ಕರೆಸುತ್ತೆ. ಕ್ರಿಮಿ ಹೋಗದೆ ಅಲ್ಲೇ ಕೂತರೆ ಕೂಗು ನಿಲ್ಲಲ್ಲ. ಪಡೆ ಬರ್ತಾನೇ ಇರುತ್ತೆ, ಆ ಜಗಳದಲ್ಲಿ ನಿಮ್ಮದೇ ಮೂಳೆ ಕರಗುತ್ತೆ. ಕೆಲವರ ವಸಡು ಸ್ವಲ್ಪಕ್ಕೇ ಜೋರಾಗಿ ಕೂಗುತ್ತೆ."

ಮಾವನ ಮುಖ ಅರಳಿತು. "ಅಂದರೆ ನನ್ನದು ಕೊಳಕಲ್ಲ. ವೀರ ಜಾಸ್ತಿ!"

ಸಂಜೆಗೆ ಜಗಲಿಯಲ್ಲಿ ಇದರ ಪ್ರಚಾರ ನಡೆಯಿತು. ಅತ್ತೆಯ ವಸಡು ಸೋಮಾರಿಯೆಂದೂ, ಕಳ್ಳ ಬಂದರೂ ಕಣ್ಣು ಬಿಡುವುದಿಲ್ಲವೆಂದೂ ತೀರ್ಪಾಯಿತು. ಅತ್ತೆ ಅಡಿಕೆ ಕತ್ತರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

ನಾನು ಮಾವನಿಗೆ ಉಳಿದರ್ಧ ಹೇಳಿರಲಿಲ್ಲ. ಈಗ ಹೇಳಿದೆ: "ಮಾವ, ರಕ್ತದಲ್ಲಿ ಸಕ್ಕರೆ ಏರಿದ್ದರೂ ಈ ಕೂಗು ಜೋರಾಗುತ್ತೆ. ನಾಳೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸೋಣ."

"ನನಗೆ ಸಕ್ಕರೆಯಾ? ನಾನು ಕಾಪಿಗೇ ಹಾಕಲ್ಲ!"

ಪರೀಕ್ಷೆಯಲ್ಲಿ ಸಕ್ಕರೆ ಚೆನ್ನಾಗಿಯೇ ಏರಿತ್ತು. ಲ್ಯಾಬಿನ ಯಂತ್ರ ಸರಿಯಿಲ್ಲ ಎಂದರು ಮಾವ. ಅತ್ತೆ ಎದ್ದು ಶೆಡ್ಡಿಗೆ ಹೋಗಿ, ನೂಲು ಸುತ್ತಿದ ಕೋನುಗಳ ಪೆಟ್ಟಿಗೆಯೊಂದನ್ನು ತಂದು ನಮ್ಮ ಮುಂದೆ ಬಗ್ಗಿಸಿದರು. ಮೇಲಿನ ಕೋನುಗಳು ಉರುಳಿದವು. ಅವುಗಳ ಹಿಂದೆ ಪೊಟ್ಟಣ ಪೊಟ್ಟಣ ತೇನ್ ಮಿಠಾಯಿ, ಒಳಗೆ ಪಾಕ ತುಂಬಿದ ಕೆಂಪು ಉಂಡೆಗಳು, ನೆಲದ ಮೇಲೆಲ್ಲ ಹರಡಿದವು.

"ಇದೂ ವೀರವಾ?" ಎಂದರು ಅತ್ತೆ.

ಮಾವ ನನ್ನ ಕಡೆ ತಿರುಗಿದರು. "ನೀನು ಹಲ್ಲಿನ ಸಮಾಚಾರವನ್ನೂ ಹೇಳಿಬಿಟ್ಟೆಯಾ?"

"ಅವಳು ಯಾದಕ್ಕೆ ಹೇಳಬೇಕು? ಕುನ್ನತ್ತೂರಿಂದ ಬರೋವಾಗ ಬಸ್ಸಿನಲ್ಲಿ ಬಾಯಿ ತೆರಕೊಂಡು ನಿದ್ದೆ ಮಾಡಿದಿರಿ. ಕಿಟಕಿ ತೆರೆದಂಗೆ ಕಾಣ್ತಿತ್ತು."

ಅಲ್ಲಿಗೆ ನನ್ನ ಬೆದರಿಕೆಯ ಬೆಲೆಯೂ ಮುಗಿಯಿತು. ಆದರೂ ಮಾವ ಬಂದರು. ಅವರನ್ನು ಹಲವು ಸಲ ಕೂರಿಸಿ ವಸಡಿನೊಳಗಿನ ಪಾಚಿಯನ್ನು ತೆಗೆದೆ, ಸಂದುಗಳಿಗೆ ಸಣ್ಣ ಬ್ರಶ್ಶು ಕೊಟ್ಟೆ, ಸಕ್ಕರೆಗೆ ಬೇರೆ ವೈದ್ಯರ ಮಾತ್ರೆ ಶುರುವಾಯಿತು. ಕರಗಿದ ಮೂಳೆ ಮರಳಲಿಲ್ಲ. ರಕ್ತ ನಿಂತಿತು, ಅಲುಗುತ್ತಿದ್ದ ಹಲ್ಲುಗಳು ಮೆಲ್ಲಗೆ ಗಟ್ಟಿಯಾದವು. ಮಿಠಾಯಿಯ ದುಃಖದಲ್ಲಿ ಕೆಲವು ದಿನ ಮಾವ ಕೋನುಗಳ ಪೆಟ್ಟಿಗೆಯನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು.

ಆಮೇಲೆ ಹೊಸ ಹುರುಪು ಬಂತು. ಈಗ ಜಗಲಿಗೆ ಬಂದವರು ಯಾರೇ ಇರಲಿ, ಮಾವ ಮೊದಲು ಬಾಯಿ ತೆರೆಸುತ್ತಾರೆ. ಹೋದ ತಿಂಗಳು ಕಾರಮಡೈಯಿಂದ ಬಾಳೆಕಾಯಿ ತಂದ ನೆಂಟನಿಗೆ ಟಾರ್ಚು ಬಿಟ್ಟು ನೋಡಿ, "ರಿಸೆಪ್ಟರು ರೊಂಬ ಜೋರಾಗಿ ಕೂಗ್ತಾ ಇದೆ, ಮೊದಲು ಸಕ್ಕರೆ ನೋಡಿಸು" ಎಂದು ನನ್ನ ಬಳಿ ಅಟ್ಟಿದರು. ಆತ ಗಾಬರಿಯಿಂದ ಬಂದ. ನೋಡಿದೆ, ಪರೀಕ್ಷೆಯನ್ನೂ ಮಾಡಿಸಿದೆ. ವಸಡು, ಸಕ್ಕರೆ, ಮಾವ ಹೇಳಿದ ಎರಡೂ ಸರಿಯಾಗಿದ್ದವು. ಅದನ್ನು ಮಾವನಿಗೆ ತಿಳಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.