ಹಿಡಿಕೆ ಇಲ್ಲದ ಶಾವಿಗೆ ಯಂತ್ರ

ಚಳ್ಳಕೆರೆಯ ಗ್ಯಾರೇಜು ಸಾಲಿನ ಹಿಂದಿನ ಓಣಿಯಲ್ಲಿ ಮದರ್ ಬೀ ಮನೆ. ಆ ಮನೆಯ ಅಟ್ಟದ ಮೇಲೆ ಹಿಡಿಕೆ ಇಲ್ಲದ ಶಾವಿಗೆ ಯಂತ್ರವೊಂದನ್ನು ಕಂಡಾಗ ಓಣಿಯವರೆಲ್ಲರಂತೆ ನಾವೂ ಒಂದು ತೀರ್ಮಾನಕ್ಕೆ ಬಂದಿದ್ದೆವು. ಮದರ್ ಬೀಗೂ ಅವಳ ಹಳೆಯ ನೆರೆಯವಳು ನಿಂಗಕ್ಕನಿಗೂ ಜಗಳವಾಗಿದೆ. ಇಬ್ಬರೂ ಸೇರಿ ಕೊಂಡಿದ್ದ ಯಂತ್ರವನ್ನು ಪಾಲು ಮಾಡಿಕೊಂಡಿದ್ದಾರೆ. ಒಬ್ಬಳಿಗೆ ಒಡಲು, ಇನ್ನೊಬ್ಬಳಿಗೆ ಹಿಡಿಕೆ. ಅಣ್ಣತಮ್ಮಂದಿರು ಬಾವಿಯ ನೀರನ್ನೇ ಗಂಟೆ ಲೆಕ್ಕದಲ್ಲಿ ಪಾಲು ಹಾಕಿಕೊಳ್ಳುವ ಸೀಮೆಯಲ್ಲಿ ಇದೇನು ಮಹಾ! ಈ ತೀರ್ಮಾನವನ್ನು ನಾವು ನಾಲ್ಕು ಜನಕ್ಕೆ ಹೇಳಿಯೂ ಇದ್ದೆವು, ಪಂಚಾಯಿತಿಯಲ್ಲಿ ಖುದ್ದು ಕೂತಿದ್ದವರ ಧಾಟಿಯಲ್ಲಿ.

ಪಾಲಾದದ್ದು ನಿಜ. ಜಗಳವಾಗಿರಲಿಲ್ಲ.

ಇಪ್ಪತ್ತು ವರ್ಷ ಆ ಇಬ್ಬರು ಹೆಂಗಸರು ಒಂದೇ ಗೋಡೆಯ ಆಚೀಚೆ ಬದುಕಿದವರು. ಮದರ್ ಬೀಯ ಗಂಡ ನಬೀ ಸಾಬ್ ಲಾರಿ ಮೆಕ್ಯಾನಿಕ್ಕು. ನಿಂಗಕ್ಕನ ಗಂಡ ಯರ್ರಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಹಬ್ಬ ಬಂತೆಂದರೆ ಎರಡು ಮನೆಗೂ ಒಂದೇ ಸಂಕಟ. ಮನೆ ಮಾಲೀಕ, ಮಕ್ಕಳ ಮೇಷ್ಟ್ರು, ಕಾಂಪೌಂಡರು, ಬೀಗರು, ಬೀಗರ ಬೀಗರು ಅಂತ ಮೂವತ್ತು ಮನೆಗೆ ಏನಾದರೂ ಕೊಡದಿದ್ದರೆ ಮುಖ ತೋರಿಸುವಂತಿಲ್ಲ. ಬೇಕರಿಯ ಡಬ್ಬಿ ಕೊಂಡು ಹಂಚಿದರೆ ಹಬ್ಬದ ದಿನ ಮನೆಯವರು ನೀರು ಕುಡಿದು ಮಲಗಬೇಕು. ಅದಕ್ಕೇ ಇಬ್ಬರೂ ಚೀಟಿ ಎತ್ತಿ ಸಂತೆಯಿಂದ ಆ ಯಂತ್ರ ತಂದದ್ದು. ಅಂದಿನಿಂದ ಯುಗಾದಿಗೂ ರಂಜಾನಿಗೂ ಎರಡು ಮನೆಯ ಉಡುಗೊರೆ ಒಂದೇ: ಹಳೇ ಪೇಪರಿನಲ್ಲಿ ಸುತ್ತಿದ ಕೈಮಾಡಿದ ಶಾವಿಗೆ, ಮೇಲೊಂದು ತುಂಡು ಕೊಬ್ಬರಿ. ಎಲ್ಲರೂ ಹೊಗಳಿ ತಿಂದರು. ಬಡತನದ ಉಡುಗೊರೆ ಅಂತ ಯಾರಿಗೂ ಹೊಳೆಯಲೇ ಇಲ್ಲ.

ಯಂತ್ರವನ್ನು ಮಂಚದ ಪಟ್ಟಿಗೆ ಬಿಗಿದು, ಮೇಲಿನಿಂದ ನಾದಿದ ಹಿಟ್ಟು ತುಂಬಿ ತಿರುಗಿಸಬೇಕು; ಕೆಳಗೆ ಎಳೆಎಳೆಯಾಗಿ ಇಳಿಯುವ ಶಾವಿಗೆಯನ್ನು ಇನ್ನೊಬ್ಬರು ಹಿಡಿದು, ಮುರಿಯದಂತೆ ಕೋಲಿನ ಮೇಲೆ ಹಾಕಬೇಕು. ನಿಂಗಕ್ಕ ತಿರುಗಿಸುವವಳು, ಮದರ್ ಬೀ ಹಿಡಿಯುವವಳು. ಎರಡು ಕೈ ತಿರುಗುವ ಹೊತ್ತಿಗೆ ನಾಲ್ಕು ಮನೆಯ ಸುದ್ದಿಯೂ ತಿರುಗುತ್ತಿತ್ತು.

ಮಿಲ್ಲು ಮುಚ್ಚಿತು. ಯರ್ರಪ್ಪ ಹೆಂಡತಿಯನ್ನು ಕರೆದುಕೊಂಡು ಮೊಳಕಾಲ್ಮೂರಿಗೆ, ಅಣ್ಣನ ರೇಷ್ಮೆ ಮಗ್ಗಕ್ಕೆ ವಾಪಸಾದ. ಸಾಮಾನು ಲಾರಿಗೇರಿದ ಮೇಲೆ ನಿಂಗಕ್ಕ ಮತ್ತೆ ಒಳಗೆ ಬಂದು, ಯಂತ್ರದ ಹಿಡಿಕೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದು ನನ್ನತ್ರ ಇರ್ಲಿ. ಇಲ್ದಿದ್ರೆ ಬೇರೆ ಯಾವಳನ್ನೋ ಕೂರಿಸ್ಕೊಂಡು ಮಾಡ್ತೀಯ ನೀನು. ಹಬ್ಬಕ್ ಬರ್ತೀನಿ."

"ಅರೆ, ಕಳ್ಳಿ! ಹೋಗ್ತಾ ಹೋಗ್ತಾ ಕದ್ಕೊಂಡು ಹೋಗ್ತೀಯಾ?" ಎಂದು ಮದರ್ ಬೀ ಬೈದಳು. ಬೈದು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾಲ್ಕು ವರ್ಷ ನಿಂಗಕ್ಕ ಹಿಡಿಕೆಯೊಂದಿಗೆ ತಪ್ಪದೆ ಬಂದಳು. ಐದನೆಯ ವರ್ಷ ಮಗಳು ಕಾಂಚನಾಳ ಬಾಣಂತನ. ಆರನೆಯ ವರ್ಷ ಮಗ್ಗದ ಗುಂಡಿಗೆ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆ ಎರಡೂ ವರ್ಷ ಮದರ್ ಬೀ ಬೇಕರಿಯ ಡಬ್ಬಿಗಳನ್ನೇ ಹಂಚಿದಳು. ಗಂಡನ ಗಳಿಕೆ ಅದಕ್ಕೇ ಸರಿಹೋಯಿತು. ಒಂದು ಡಬ್ಬಿಯಂತೂ ಐದು ಮನೆ ಸುತ್ತಿ, ಅವಳೇ ಹಾಕಿದ್ದ ಹಸಿರು ರಬ್ಬರ್ ಬ್ಯಾಂಡಿನ ಸಮೇತ ಅವಳ ಮನೆಗೇ ಉಡುಗೊರೆಯಾಗಿ ಬಂತು.

"ಅರ್ಧ ಗಂಟೆ ಕೆಲಸ," ಎಂದು ನಬೀ ಸಾಬ್ ಹಳೆಯ ಜಾಕ್ ರಾಡು ಬಗ್ಗಿಸಿ ಒಂದು ಹಿಡಿಕೆ ಮಾಡಿಕೊಟ್ಟರು. ತಾಲ್ಲೂಕಿನ ಅರ್ಧ ಲಾರಿಗಳು ತಮ್ಮ ಕೈಯಿಂದಲೇ ಓಡುತ್ತಿವೆ ಎಂದು ನಂಬಿದ ಮನುಷ್ಯ ಅವರು. ಹಿಡಿಕೆ ಸರಿಯಾಗಿಯೇ ಕೂತಿತು. ಮದರ್ ಬೀ ಒಂದು ಸುತ್ತು ತಿರುಗಿಸಿ ನೋಡಿ, "ಗ್ರೀಸ್ ವಾಸ್ನೆ," ಎಂದು ತೆಗೆದಿಟ್ಟಳು. ಅಂದಿನಿಂದ ಅದು ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವ ಒತ್ತಾಗಿ ಬಿದ್ದಿದೆ.

ಏಳನೆಯ ವರ್ಷ ಯುಗಾದಿ ಭಾನುವಾರ, ರಂಜಾನ್ ಸೋಮವಾರ. ಎರಡು ಹಬ್ಬಕ್ಕೂ ಒಂದೇ ಚಂದ್ರನನ್ನು ನೋಡುವ ವರ್ಷ. ಇಷ್ಟು ಒತ್ತಿಗೆ ಬಂದ ಹಬ್ಬಕ್ಕೆ ನಿಂಗಕ್ಕ ಬರದೆ ಇರುತ್ತಾಳೆಯೇ? ಹತ್ತು ದಿನ ಮೊದಲೇ ಮದರ್ ಬೀ ಯಂತ್ರ ಇಳಿಸಿ ತೊಳೆದು ಮಂಚಕ್ಕೆ ಬಿಗಿದಳು. ದಿನಾ ಸಂಜೆ ಮೊಳಕಾಲ್ಮೂರಿನ ಬಸ್ಸು ಬರುವ ಹೊತ್ತಿಗೆ ಅವಳಿಗೆ ಬಸ್ ಸ್ಟ್ಯಾಂಡಿನ ಕಡೆ ಏನಾದರೊಂದು ಕೆಲಸ ಬೀಳುತ್ತಿತ್ತು. ಒಂದು ದಿನ ಕೊತ್ತಂಬರಿ, ಮರುದಿನ ಸೂಜಿ, ಅದರ ಮರುದಿನ ಕೊತ್ತಂಬರಿ ಚೆನ್ನಾಗಿರಲಿಲ್ಲವೆಂದು ಮತ್ತೆ ಕೊತ್ತಂಬರಿ. ಇಳಿಯುವ ಒಂದೊಂದು ಸೀರೆಯನ್ನೂ ನೋಡುತ್ತ ನಿಲ್ಲುವಳು. ಬಸ್ಸು ಖಾಲಿಯಾದ ಮೇಲೂ ಒಂದು ಗಳಿಗೆ ನಿಲ್ಲುವಳು.

ಗುರುವಾರ ಕಂಡಕ್ಟರ್ ಓಬಳೇಶ ಅವಳನ್ನು ಕೂಗಿ ಕರೆದು ಟವೆಲ್ಲಿನ ಗಂಟೊಂದನ್ನು ಕೊಟ್ಟ. ಬಿಚ್ಚಿದರೆ ಹಿಡಿಕೆ. ಜತೆಗೆ ಮನುಷ್ಯರಿಲ್ಲ.

ಅಲ್ಲೇ ನಿಂತು ಫೋನು ಮಾಡಿದಳು.

"ಬಂತಾ?" ಎಂದಳು ನಿಂಗಕ್ಕ.

"ಇದು ಬಂತು. ನೀನೆಲ್ಲಿ?"

"ಕೈ ಇನ್ನೂ ನೆಟ್ಟಗಿಲ್ಲ ಕಣೇ. ಅಷ್ಟು ದೂರ ಬಂದು ಏನ್ ಮಾಡ್ಲಿ, ಕೂತ್ಕೊಂಡು ನೋಡ್ಲಾ? ಸಾಬ್ರತ್ರ ತಿರುಗಿಸ್ಕೊ. ಇನ್ನು ಅದು ನಿಂದೇ."

ಎರಡು ವರ್ಷ ಹಿಡಿಕೆ ಇಲ್ಲದಾಗ ಆಗದ ಸಂಕಟ ಈಗ ಹಿಡಿಕೆ ಕೈಯಲ್ಲಿರುವಾಗ ಆಯಿತು. ಅದು ಅಲ್ಲಿರುವ ತನಕ ನಿಂಗಕ್ಕ ಬರುವವಳಾಗಿದ್ದಳು. ಈಗ ಬರಬೇಕಾದ್ದೇನೂ ಉಳಿದಿರಲಿಲ್ಲ. ಅವತ್ತು ಮದರ್ ಬೀ ಇಫ್ತಾರಿಗೆ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಸುಮ್ಮನೆ ಗೋಡೆ ನೋಡುತ್ತ ಕೂತಳು. ಗೋಡೆಯ ಆಚೆ ಈಗ ಮೊಬೈಲ್ ಅಂಗಡಿಯವನ ಸಂಸಾರ. ಒಳ್ಳೆಯವರೇ. ಆದರೆ ಗೋಡೆ ತಟ್ಟಿ "ಉಪ್ಪು ಐತೇನೇ?" ಅಂತ ಕೇಳುವವರಲ್ಲ.

ಬೆಳಿಗ್ಗೆ ಅವಳು ಯಂತ್ರವನ್ನು ಗೋಣಿಚೀಲಕ್ಕೆ ಹಾಕಿ ಹೊರಟಳು.

"ರೋಜಾ ಉಪವಾಸ ಇಟ್ಕೊಂಡು, ಈ ಬಿಸಿಲಲ್ಲಿ, ಕಬ್ಬಿಣ ಹೊತ್ಕೊಂಡು ಎಲ್ಲಿಗೆ?" ನಬೀ ಸಾಬ್ ಕೇಳಿದರು.

"ಮೊಳಕಾಲ್ಮೂರಿಗೆ. ಕೂತ್ಕೊಂಡು ನೋಡ್ಲಾ ಅಂದ್ಲು. ನೋಡ್ಲಿ."

ನಿಂಗಕ್ಕ ಬಾಗಿಲಲ್ಲೇ ಕಣ್ಣು ಬಿಟ್ಟು ನಿಂತಳು. "ಅಯ್ಯೋ ದೇವುಡಾ! ಹುಚ್ಚು ಹಿಡೀತಾ ನಿಂಗೆ?" ಎಂದವಳು ಚೀಲ ತೆಗೆದುಕೊಳ್ಳಲು ಕೈ ಚಾಚಿ, ಆಗದೆ, ಎಡಗೈ ಚಾಚಿದಳು. ಮದರ್ ಬೀ ಆ ಬಲಗೈಯನ್ನು ಹಿಡಿದು ತಿರುಗಿಸಿ ನೋಡಿದಳು. ಮುಷ್ಟಿ ಪೂರ್ತಿ ಮಡಚುತ್ತಿರಲಿಲ್ಲ. ಮಣಿಕಟ್ಟು ಮೊದಲಿನ ಅರ್ಧದಷ್ಟಿತ್ತು.

ಮದರ್ ಬೀ ತಿರುಗಿಸಿದಳು, ನಿಂಗಕ್ಕ ಎಡಗೈಯಲ್ಲಿ ಹಿಡಿದಳು. ಇಬ್ಬರಿಗೂ ರೂಢಿ ಇಲ್ಲದ ಕೆಲಸ. ಶಾವಿಗೆ ಒಂದು ಕಡೆ ಹಗ್ಗದಂತೆ, ಇನ್ನೊಂದು ಕಡೆ ನುಚ್ಚಿನಂತೆ ಇಳಿಯಿತು.

"ಮೆಲ್ಲಗೆ ತಿರುಗ್ಸೇ! ಲಾರಿ ಸ್ಟಾರ್ಟ್ ಮಾಡ್ತೀಯೇನು?"

"ನೀನು ನೆಟ್ಟಗೆ ಹಿಡಿ. ಇಪ್ಪತ್ತು ವರ್ಷ ನಾನು ಹಿಡಿದಿದ್ನಲ್ಲ, ಒಂದು ಎಳೆ ಮುರ್ದಿತ್ತಾ?"

"ತಿರುಗ್ಸೋರು ಯಾರಿದ್ರು? ಅದಕ್ಕೆ ಮುರೀಲಿಲ್ಲ!"

ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಮದರ್ ಬೀಗೆ ಗಂಟಲು ಒಣಗಿತ್ತು, ತೋಳು ಸೋತಿತ್ತು, ಬಂದಿದ್ದ ಶಾವಿಗೆಯಲ್ಲಿ ಹೆಚ್ಚಿನದು ಯಾರಿಗೂ ಕೊಡುವಂತಿರಲಿಲ್ಲ. ಹೀಗೇ ಸಂಜೆಯಾಗದೆ ಇರಲಿ ಅನ್ನಿಸಿತು.

ಅಷ್ಟರಲ್ಲಿ ಯರ್ರಪ್ಪನ ಅಣ್ಣನ ಮಗ ಮಾರುತೇಶ ಬಂದ. ಚಿತ್ರದುರ್ಗದಲ್ಲಿ 'ಕುಟುಂಬ ಉಳಿತಾಯ'ದ ಬಗ್ಗೆ ಎರಡು ದಿನದ ತರಬೇತಿ ಮುಗಿಸಿದಂದಿನಿಂದ ಅವನ ಜೇಬಿನಲ್ಲಿ ಎರಡು ಪೆನ್ನು. ಮಹಿಳಾ ಸಂಘಗಳಿಗೆ ಹೋಗಿ, ಮೂವತ್ತು ವರ್ಷ ಸಂಸಾರ ತೂಗಿಸಿದ ಹೆಂಗಸರಿಗೆ ಸಂಸಾರ ತೂಗಿಸುವುದು ಹೇಗೆಂದು ಹೇಳಿಕೊಟ್ಟು ಬರುತ್ತಾನೆ.

"ಹಬ್ಬದ ಉಡುಗೊರೆ ಮನೇಲೇ ಮಾಡೋದು ಬಾಳ ಒಳ್ಳೇ ಪದ್ಧತಿ ಕಣ್ರಿ," ಎಂದು ಅಪ್ಪಣೆ ಕೊಡಿಸಿದ. "ನಾನು ಇದನ್ನೇ ಎಲ್ಲಾ ಕಡೆ ಹೇಳ್ತಿರೋದು."

"ಹೌದೇನಪ್ಪ? ನೀ ಹೇಳ್ದೆ ಅಂತಲೇ ಶುರು ಮಾಡಿದ್ವಿ, ನೀ ಹುಟ್ಟೋಕ್ ಮುಂಚೆ," ಎಂದಳು ನಿಂಗಕ್ಕ.

ಮಧ್ಯಾಹ್ನದ ಬಿಸಿಲಿಗೆ ಶಾವಿಗೆ ಬೇಗ ಒಣಗಿತು. ಮುರಿದದ್ದನ್ನು ನಿಂಗಕ್ಕ ಇಟ್ಟುಕೊಂಡಳು, ನೆಟ್ಟಗಿದ್ದಷ್ಟನ್ನು ಮದರ್ ಬೀಗೆ ಕಟ್ಟಿದಳು. ಎಂಟು ಮನೆಗೆ ಆದೀತು, ಮಿಕ್ಕವರಿಗೆ ಈ ವರ್ಷ ಬರೀ ಸಲಾಮು. ಇಫ್ತಾರಿನೊಳಗೆ ಮನೆ ಸೇರಬೇಕಾದ್ದರಿಂದ ನಾಲ್ಕರ ಬಸ್ಸಿಗೆ ಮೂವರೂ ಬಂದು ನಿಂತರು. ಬಸ್ಸಿನ ಹಾರ್ನು ಕೇಳಿದ್ದೇ ಮದರ್ ಬೀ ಚೀಲಕ್ಕೆ ಕೈ ಹಾಕಿ, ಹಿಡಿಕೆಯನ್ನು ತೆಗೆದು, ನಿಂಗಕ್ಕನ ಸೊಂಟಕ್ಕೆ ಸಿಕ್ಕಿಸಿದಳು. ನಿಂಗಕ್ಕ ಸೆರಗನ್ನು ಅದರ ಮೇಲೆ ಎಳೆದುಕೊಂಡು ಬೇರೆ ಕಡೆ ನೋಡಿದಳು.

ಮಾರುತೇಶನಿಗೆ ತಡೆಯಲಾಗಲಿಲ್ಲ. "ಅಲ್ರೀ, ಚಿಕ್ಕಮ್ಮನ ಕೈಲಿ ಹೆಂಗೂ ತಿರುಗ್ಸೋಕಾಗಲ್ಲ. ನೀವೇ ಒಂದು ಹಿಡಿಕೆ ಮಾಡಿಸ್ಕೊಂಬಿಟ್ರೆ, ವರ್ಷ ವರ್ಷ ಇಲ್ಲಿಗೆ ಬರೋ ಬಸ್ ಚಾರ್ಜು ಉಳಿಯಲ್ವಾ?"

"ಅವ್ಳು ಸತ್ಮೇಲೆ ಮಾಡಿಸ್ಕೊಂತೀನಿ," ಎಂದಳು ಮದರ್ ಬೀ. "ಈಗ ಆ ಚೀಲ ಎತ್ತಿ ಕೊಡು."