ಅಣ್ಣನ ಪಾಲಿನ ಹಾಲು

ಮಾಸ್ತರರ ಎಡಗೈ ಮಣಿಕಟ್ಟಿನ ಮೇಲಿದ್ದ ದುಂಡನೆಯ ಗಡಿಯಾರವನ್ನು ಹಿಡಿದು ನಿಲ್ಲಿಸಿದ್ದು ಪೈಜಾಮಕ್ಕೆ ಹಾಕುವ ಬಿಳಿ ಲಾಡಿ. ಲಾಡಿಯ ಗಂಟು ಯಾವಾಗಲೂ ಸಡಿಲ. ಗಡಿಯಾರ ಒಮ್ಮೆ ಮೊಳಕೈ ಕಡೆಗೆ, ಒಮ್ಮೆ ಬೆರಳುಗಳ ಕಡೆಗೆ ಪ್ರವಾಸ ಹೋಗುತ್ತಿತ್ತು. ಮಾತಿನ ನಡುವೆ ಅವರು ಅದನ್ನು ಹಿಡಿದು ತಂದು ಸ್ವಸ್ಥಾನದಲ್ಲಿ ಕೂರಿಸುವರು; ಮಾತು ಮುಗಿಯುವುದರೊಳಗೆ ಅದು ಮತ್ತೆ ಹೊರಟಿರುತ್ತಿತ್ತು. ಗಡಿಯಾರದ ಒಡೆಯರ ಸ್ವಭಾವವೂ ಅದೇ. ಕುರ್ಚಿ ಎಂಬ ವಸ್ತುವನ್ನು ಮನುಷ್ಯ ಯಾಕೆ ಕಂಡುಹಿಡಿದ ಎಂಬುದು ಅವರಿಗೆ ಕೊನೆಯವರೆಗೂ ಬಗೆಹರಿಯದ ಪ್ರಶ್ನೆಯಾಗಿತ್ತು.

ಶಾಲೆಯಲ್ಲಿ ಅವರು ನಮಗೆ ಡ್ರಿಲ್ ಮಾಸ್ತರರು. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಕಲಬುರಗಿಯ ಬ್ರಹ್ಮಪುರದಲ್ಲಿ ನನ್ನ ಪಕ್ಕದ ಮನೆಗೆ ಬಂದರು. ಎರಡು ಮನೆಗೂ ನಡುವಿನ ಗೋಡೆ ಒಂದೇ. ಅಷ್ಟು ಹೊತ್ತಿಗೆ ನಾನೂ ತಲೆ ನರೆತು, ಕಚೇರಿಯಿಂದ ಶಾಲು ಹೊದಿಸಿಕೊಂಡು ಬಂದ ಗೃಹಸ್ಥ. ಆದರೆ ಅವರ ಪಾಲಿಗೆ ನಾನು ಪ್ರಾರ್ಥನೆಯ ಹೊತ್ತಿಗೆ ಸೊಟ್ಟಗೆ ನಿಲ್ಲುವ ಹುಡುಗನೇ. ಓಣಿಯ ತುದಿಯಿಂದ "ಲೇ ಮೂರನೇ ಸಾಲು, ಬೆನ್ನು ನೆಟ್ಟಗ!" ಎಂದು ಕೂಗಿದರೆ ತರಕಾರಿ ಚೀಲ ಹಿಡಿದವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮೈದಾನದಲ್ಲಿ ಅವರದೊಂದು ವೇದವಾಕ್ಯವಿತ್ತು. "ಎಮ್ಮಿ ಹಾಲು ಕುಡದವ ಎಮ್ಮಿ ಹಾಂಗ ಗಟ್ಟಿ ಇರತಾನ. ಚಹಾ ಕುಡದವ ಚಹಾದ ಕಪ್ಪು-ಬಸಿ ಹಾಂಗ ಒಡೀತಾನ." ಹಗ್ಗ ಜಗ್ಗುವಾಗ ಯಾರಾದರೂ ಮುಗ್ಗರಿಸಿದರೆ ಕೇಳುತ್ತಿದ್ದುದು ಒಂದೇ: "ನಿಮ್ಮವ್ವ ಹಾಲಿಗಿ ನೀರು ಎಷ್ಟು ಹಾಕ್ತಾಳ?" ಎಷ್ಟೋ ಮನೆಗಳಲ್ಲಿ ಹಾಲಿನ ಗುಣಮಟ್ಟ ಸುಧಾರಿಸಿದ ಕೀರ್ತಿ ಅವರದು.

ಇಂಥವರು ಒಂದು ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, ನನ್ನ ಹೆಂಡತಿ ತಂದಿಟ್ಟ ಚಹಾವನ್ನು ಹಿಂದಕ್ಕೆ ಸರಿಸಿ ಘೋಷಿಸಿದರು.

"ಇವತ್ತಿನಿಂದ ಹಾಲು ಬಂದ್. ಮಸರು, ಬೆಣ್ಣಿ, ತುಪ್ಪ ಎಲ್ಲಾ ಬಂದ್. ತೊಗಲಿನ ಚಪ್ಪಲಿ ಬಂದ್, ರೇಷ್ಮಿ ಬಂದ್, ಜೇನೂ ಬಂದ್."

"ಜೇನು ಯಾಕ್ರಿ ಸರ್?"

"ಅದು ಹುಳದ ಮನಿ ಬುತ್ತಿ. ನಿನ್ನ ಡಬ್ಬಿ ಯಾರರ ಕಸಕೊಂಡು ಉಂಡ್ರ ಸುಮ್ಮ ಕೂಡ್ತೀಯೇನು?"

ಒಳಗಿನಿಂದ ನನ್ನ ಮಗಳು ಕೇಳಿಸಿಕೊಂಡು ಹೊರಬಂದಳು. "ಅಜ್ಜಾ, ಇದಕ್ಕ ವೀಗನ್ ಅಂತಾರ."

"ಹೆಸರೂ ಇಟ್ಟಾರ?" ಮಾಸ್ತರರು ಗಡಿಯಾರವನ್ನು ಮೇಲೆ ಸರಿಸಿದರು. "ಹಂಗಾರ ಜಡ್ಡು ದೊಡ್ಡದೇ ಇರಬೇಕು."

ಕಾರಣವನ್ನು ಅವರು ನನಗೆ ಹೇಳಿದ್ದು ಆ ಸಂಜೆ, ನಡೆಯುತ್ತ. ಕೂತು ಹೇಳುವ ಮಾತಲ್ಲ ಅದು. ಅವರು ಕೂತು ಹೇಳಿದ ಮಾತು ಯಾವುದೂ ಇಲ್ಲ, ಅದು ಬೇರೆ.

ಕಮಲಾಪುರದಲ್ಲಿ ಅವರಿಗೆ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡದ್ದರಿಂದ ಆಕೆಯನ್ನು ಇವರೇ ಎತ್ತಿ ಆಡಿಸಿ, ಲಗ್ನ ಮಾಡಿ ಕಳಿಸಿದ್ದರು. ಆಕೆಗೆ ಅಲ್ಲಿ ಕೆಂಪು ಬಾಳೆಯ ತೋಟ, ಎರಡು ಎಮ್ಮೆ. ಹಿಂದಿನ ವಾರ ಇವರು ಹೋದಾಗ ಒಂದು ಎಮ್ಮೆಯ ಕರು ಸತ್ತಿತ್ತು. ಕರು ಕಾಣದಿದ್ದರೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಹಳ್ಳಿಯಲ್ಲಿ ಹಳೆಯ ಉಪಾಯವೊಂದಿದೆ: ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ಹೊಲಿದು, ಬೊಂಬೆ ಮಾಡಿ ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ಎಮ್ಮೆ ಅದನ್ನು ಮೂಸಿ ನೆಕ್ಕುತ್ತದೆ, ಹಾಲು ಇಳಿಯುತ್ತದೆ. ಮಾಸ್ತರರು ಚಿಕ್ಕಂದಿನಿಂದ ನೋಡಿದ್ದೇ. ಆದರೆ ಆ ಸಂಜೆ ಬೊಂಬೆ ನೆಟ್ಟಗೆ ನಿಲ್ಲಲೊಲ್ಲದು. ತಂಗಿ ಹಿಂಡಲು ಕೂತವಳು ಕರೆದಳು.

"ಅಣ್ಣಾ, ಜರಾ ಹಿಡಕೋ. ಸುಮ್ಮ ಹಿಡೀಬ್ಯಾಡ, ಅಲ್ಲಾಡ್ಸು. ಜೀವ ಇದ್ದಂಗ ಕಾಣಬೇಕು."

ಇವರು ಅಲ್ಲಾಡಿಸಿದರು. ಸಾವಿರಾರು ಮಕ್ಕಳಿಗೆ ಕೈಕಾಲು ಆಡಿಸುವುದನ್ನು ಕಲಿಸಿದವರು. ಕರುವನ್ನೂ ಚೆನ್ನಾಗಿಯೇ ಆಡಿಸಿದರು. ಎಮ್ಮೆ ನಂಬಿತು. ಬೊಂಬೆಯ ಕುತ್ತಿಗೆ ನೆಕ್ಕುತ್ತ ನೆಕ್ಕುತ್ತ ಅದರ ನಾಲಗೆ ಇವರ ಮಣಿಕಟ್ಟಿಗೂ ಬಂತು. ಅಲ್ಲಿ ಆಗ ಗಡಿಯಾರದ ತೊಗಲಿನ ಪಟ್ಟಿ; ಲಾಡಿ ಬಂದದ್ದು ಆಮೇಲೆ.

"ಆ ತೊಗಲೂ ನೆಕ್ತಲೇ, ಈ ತೊಗಲೂ ನೆಕ್ತು," ಎಂದರು ಮಾಸ್ತರರು. "ಎರಡಕ್ಕೂ ಫರಕ ಮಾಡಲಿಲ್ಲ."

ಅಷ್ಟು ಹೇಳಿ ನಡಿಗೆ ಜೋರು ಮಾಡಿದರು. ನಾನು ಹಿಂದೆ ಉಳಿದೆ.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ನಡೆದದ್ದು ಸಣ್ಣ ಕ್ರಾಂತಿಯೇನಲ್ಲ. ನಸುಕಿನಲ್ಲಿ ಗೋಡೆಯಾಚೆ ಮಿಕ್ಸಿ ಗುಡುಗುತ್ತಿತ್ತು: ರಾತ್ರಿ ನೆನೆಯಿಟ್ಟ ಶೇಂಗಾ ರುಬ್ಬಿ, ಅರಿವೆಯಲ್ಲಿ ಸೋಸಿ, ಮಾಸ್ತರರು ತಮ್ಮ ಹಾಲನ್ನು ತಾವೇ ಉತ್ಪಾದಿಸುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಅಲಾರಾಂ ಇಡುವ ಅಗತ್ಯ ಉಳಿಯಲಿಲ್ಲ. ಆ ಹಾಲನ್ನು ಚಹಾಕ್ಕೆ ಹಾಕಿದರೆ ಅದು ಒಡೆದು, ಮೇಲೆ ದ್ವೀಪಗಳು ತೇಲುತ್ತಿದ್ದವು. ಅದನ್ನು ನನಗೂ ಕೊಡುತ್ತಿದ್ದರು. ಗುರುಪ್ರಸಾದ, ಕುಡಿಯುತ್ತಿದ್ದೆ. ಓಣಿಯ ಮೂಲೆಯ ಚಹಾದಂಗಡಿಯ ಚಾಚಾ ಮಾತ್ರ ಸೋಲೊಪ್ಪಲಿಲ್ಲ. "ದೂಧ್ ನಕೋ ಬೋಲೆ ತೋ ಚಾಯ್ ಕಾಯ್ಕು, ಮಾಸ್ಟರ್? ಗರಮ್ ಪಾನಿ ಪೀಲೇವ್," ಎನ್ನುತ್ತಿದ್ದ. ಹಾಲೇ ಬೇಡವೆಂದ ಮೇಲೆ ಬಿಸಿನೀರು ಕುಡಿದರಾಯಿತು ಎಂಬುದು ಅವನ ತೀರ್ಪು.

ಬೇಸಿಗೆ ಬಂತು. ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಡಾಂಬರು ಮೆತ್ತಗಾಗುತ್ತದೆ. ರಬ್ಬರಿನ ಚಪ್ಪಲಿ ಡಾಂಬರಿಗಿಂತ ಮೊದಲು ಮೆತ್ತಗಾಗುತ್ತದೆ. ಅಂಗಾಲು ಸುಟ್ಟುಕೊಂಡು ಬಂದ ಮಾಸ್ತರರಿಗೆ ಅವರ ಹೆಂಡತಿ ನೀರಿನ ಬಕೆಟ್ಟು ಮುಂದಿಟ್ಟು ಕೇಳಿದರು: "ಕಾಲು ಸುಟ್ಟಗೊಂಡ್ರ ಎಮ್ಮಿಗಿ ಏನ್ ಸಿಕ್ಕಂಗಾತ್ರಿ?" ಮಾಸ್ತರರು ಬಕೆಟ್ಟಿನಲ್ಲಿ ಕಾಲಿಟ್ಟು, ಅದರೊಳಗೇ ನಿಂತಲ್ಲಿ ನಡೆದರು.

ಇದೆಲ್ಲ ಅವರಿಗೆ ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಒಂದೇ ಕಡೆ: ತಂಗಿಗೆ ಇನ್ನೂ ಹೇಳಿರಲಿಲ್ಲ. ನಾಗರ ಪಂಚಮಿ ಹತ್ತಿರ ಬರುತ್ತಿತ್ತು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಕರೆಯಲು ಬಂದವನಿಗೆ ಆಕೆ ಮೊದಲು ಹಾಲು ಕೊಡಬೇಕು. ಆಕೆ ಕೊಟ್ಟದ್ದನ್ನು ಬೇಡವೆಂದರೆ ಏನಾದೀತು ಎಂಬ ಚಿಂತೆಯಲ್ಲಿ ಅವರು ಓಣಿಯ ಫರಸಿ ಕಲ್ಲು ಸವೆಸಿದರು. ಕೊನೆಗೆ "ಲೇ, ನೀನೂ ಬಾ," ಎಂದು ನನ್ನನ್ನು ಹೊರಡಿಸಿದರು. ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಇವರು ಕಂಬಿ ಹಿಡಿದು ನಿಂತೇ ಇದ್ದರು. ಕಂಡಕ್ಟರ್ ಕನಿಕರದಿಂದ "ನಿಂತ್ರೂ ಟಿಕೀಟು ಅಷ್ಟೇರಿ ಅಜ್ಜಾರ," ಎಂದ.

ತಂಗಿಯ ಮನೆಯ ಅಂಗಳದಲ್ಲಿ ಕಾಲು ತೊಳೆಯುವುದರೊಳಗೆ ಹಿತ್ತಾಳೆ ಲೋಟದಲ್ಲಿ ಹಾಲು ಬಂತು, ಮೇಲೆ ಕೆನೆ.

"ಕುಡಿ, ಅಣ್ಣಾ."

"ಬ್ಯಾಡವಾ. ನೀರು ಕೊಡು."

"ನೀರು ದಾರ್ಯಾಗ ಹೋಗವರಿಗಿ ಕೊಡ್ತಾರ. ನೀ ಯಾರು?"

ಮಾಸ್ತರರು ಅಂಗಳದ ಉದ್ದಗಲ ಅಳೆಯುತ್ತ ಎಲ್ಲವನ್ನೂ ಹೇಳಿದರು: ಬೊಂಬೆ, ನಾಲಗೆ, ಪಟ್ಟಿ. ತಂಗಿ ಲೋಟ ಹಿಡಿದು ನಿಂತೇ ಕೇಳಿದಳು.

"ನೀ ಒಂದು ಸಂಜಿ ಹಿಡದಿ. ನಾ ಎಷ್ಟು ವರ್ಷ ಹಿಡದೀನಿ? ನನ್ನ ಕೈ ಎಮ್ಮಿ ನೆಕ್ಕಿಲ್ಲಂತ ತಿಳದೀಯೇನು?"

ಮಾಸ್ತರರು ಗಡಿಯಾರವನ್ನು ಹಿಡಿದು ಮಣಿಕಟ್ಟಿಗೆ ತಂದು ಕೂರಿಸಿದರು.

"ಹಿಂಡಲಿಲ್ಲಂದ್ರ ಕೆಚ್ಚಲ ಬಾತು ರಾತ್ರೆಲ್ಲಾ ಒದರ್ತದ ಅದು. ನೀ ಕೈ ತೊಳಕೊಂಡು ಕಲಬುರಗಿಗಿ ಹೋದಿ. ನಾ ಯಾರ ಕೈಗಿ ಕೊಟ್ಟು ಕೈ ತೊಳಕೊಳ್ಲಿ?"

"ನಿನಗೇನೂ ಅಂದಿಲ್ಲವಾ."

"ಅನ್ನೋದೇನು ಉಳದದ? ನಾಳಿ ಜನಾ ಕೇಳ್ತಾರ, ನಿಮ್ಮಣ್ಣ ನಿನ್ನ ಮನ್ಯಾಗ ಹಾಲು ಯಾಕ್ ಮುಟ್ಟಲಿಲ್ಲಂತ. ನನ್ನ ಎಮ್ಮಿ ಹೊಲಸಾತಂತ ಹೇಳ್ಲಾ?"

"ಹೊಲಸಲ್ಲ." ಮಾಸ್ತರರು ನಿಂತರು. ಅವರು ನಿಂತದ್ದು ಕಂಡು ನನಗೇ ಗಾಬರಿಯಾಯಿತು. "ಆ ಎಮ್ಮಿಗಿ ನಾ ಸುಳ್ಳು ಹೇಳೀನಿ. ಯಾರಿಗಿ ಸುಳ್ಳು ಹೇಳೀನೋ ಅವರ ಹಾಲು ಹೆಂಗ ಕುಡೀಲಿ?"

ಆಕೆ ನನ್ನ ಕಡೆ ತಿರುಗಿದಳು. "ನೀವರ ಹೇಳ್ರಿ ಇವಗ." ಇಬ್ಬರೂ ಸರಿ ಇರುವ ಜಗಳದಲ್ಲಿ ಮೂರನೆಯವನಿಗೆ ಇರುವ ಕೆಲಸ ಒಂದೇ. ಆ ಲೋಟದ ಹಾಲನ್ನು ನಾನು ಕುಡಿದೆ.

ಆಕೆ ಒಳಗೆ ಹೋಗಿ ಕೆಂಪು ಬಾಳೆಯ ಚಿಪ್ಪೊಂದನ್ನು ತಂದು ಅಣ್ಣನ ಮುಂದೆ ಹಿಡಿದಳು. "ಇದಕ್ಕೂ ಅದೇ ಎಮ್ಮಿ ಸಗಣಿ ಹಾಕೀನಿ. ತಿಂತೀಯೋ, ಇದನ್ನೂ ಬಿಟ್ಟಿಯೋ?"

ಇದು ಮಾಸ್ತರರ ಸಿದ್ಧಾಂತಕ್ಕೆ ಬಂದ ಮಹಾಸಂಕಟ. ಅವರು ತುಳಸಿಕಟ್ಟೆಯನ್ನು ಸುತ್ತು ಹಾಕಿದರು. ದನದ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಎಮ್ಮೆಯ ಮುಖ ನೋಡಿ ಬಂದರು. ಆಮೇಲೆ ಹಣ್ಣು ಸುಲಿದು ಬಾಯಿಗಿಟ್ಟರು. "ಸಗಣಿ ಅದು ತಾನಾಗೇ ಕೊಟ್ಟದ. ಯಾರೂ ಬೊಂಬಿ ತೋರಿಸಿಲ್ಲ."

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತು, ಆದರೆ ಬಿಟ್ಟುಕೊಡಲಿಲ್ಲ. "ಹಾಲು ಕುಡೀದ ಅಣ್ಣನ ಹಿಂದ ನಾ ಪಂಚಮಿಗಿ ಬರಂಗಿಲ್ಲ," ಎಂದು ಒಳಗೆ ಹೋದಳು.

ಬಸ್ಸಿನಲ್ಲಿ ಮತ್ತೆ ನಿಂತೇ ಬಂದರು. ಕಪನೂರದ ಕಾರ್ಖಾನೆಗಳು ಕಾಣುವ ಹೊತ್ತಿಗೆ ಒಮ್ಮೆ ಬಾಯಿ ಬಿಟ್ಟರು: "ಆಕಿ ಬರಲಿಲ್ಲಂದ್ರ ಇಷ್ಟೆಲ್ಲಾ ಬಿಟ್ಟು ನಾ ಏನ್ ಗಳಿಸ್ದೆ?"

ಹಾಲು ಕುಡಿದು ಬಿಟ್ಟರೆ ಮುಗಿಯುತ್ತಿತ್ತು. ಒಂದು ಲೋಟ. ನಾನು ಹಾಗೆಂದು ಹೇಳಿಯೂ ನೋಡಿದೆ. "ಕುಡದ್ರ ಆಕಿಗೂ ಬೊಂಬಿ ತೋರಿಸ್ದಂಗ ಆತದ," ಎಂದರು.

ಪಂಚಮಿಯ ತನಕ ಪ್ರತಿ ಸಂಜೆ ಬಸ್ ನಿಲ್ದಾಣಕ್ಕೆ ನಡೆದು ಹೋಗಿ, ಕಮಲಾಪುರದ ಕಡೆಯಿಂದ ಬರುವ ಬಸ್ಸುಗಳನ್ನು ನೋಡಿ ಬರುತ್ತಿದ್ದರು. ಕೇಳಿದರೆ ವಾಕಿಂಗ್ ಎನ್ನುತ್ತಿದ್ದರು. ಹಾಲೆರೆಯುವ ದಿನ ಬೆಳಿಗ್ಗೆ ಆಕೆ ತಾನಾಗಿಯೇ ಬಂದಿಳಿದಳು. ಒಂದು ಕೈಯಲ್ಲಿ ಬಾಳೆಯ ಗೊನೆ, ಇನ್ನೊಂದರಲ್ಲಿ ಹಾಲಿನ ಕ್ಯಾನು. ಅಣ್ಣನ ಮುಖ ನೋಡದೆ ಅತ್ತಿಗೆಗೆ ಹೇಳಿದಳು: "ವೈನಿ, ನಾ ಯಾರ ಸಲುವಾಗೂ ಬಂದಿಲ್ಲ. ನಾಗಪ್ಪನ ಸಲುವಾಗಿ ಬಂದೀನಿ."

ಮಣ್ಣಿನ ನಾಗಪ್ಪನಿಗೆ ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಪಾಲು ಹೇಳುವುದು ನಮ್ಮ ಕಡೆಯ ಪದ್ಧತಿ. ಆಕೆ ಅಪ್ಪನ ಪಾಲು, ಅವ್ವನ ಪಾಲು ಎರೆದಳು. ಬಟ್ಟಲು ತುಂಬಿಕೊಂಡು ತಡೆದಳು. ಮಾಸ್ತರರು ಬಾಗಿಲಾಚೆ ಅತ್ತಿಂದಿತ್ತ ಓಡಾಡುತ್ತಿದ್ದರು.

"ಅಣ್ಣನ ಪಾಲು," ಎಂದು ಎರೆದಳು. "ಆಂವ ಬ್ಯಾಡಂದ್ರೂ ಆಂವನ ಪಾಲೇ."

ಹೊರಗಿನ ಚಪ್ಪಲಿಯ ಸದ್ದು ನಿಂತಿತು. ಆ ಮಧ್ಯಾಹ್ನ ಆಕೆ ಶೇಂಗಾ ಹಾಲಿನ ಚಹಾ ಕುಡಿದು, "ಇದು ಶೇಂಗಾ ತೊಳದ ನೀರು," ಎಂದಳು. ಮುಂದೆ ಬಂದಾಗಲೆಲ್ಲ ಅದನ್ನೇ ಕುಡಿದು ಅದನ್ನೇ ಹೇಳುತ್ತಿದ್ದಳು. ಬೊಂಬೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಾಸ್ತರರು ಹೋದದ್ದು ಈಚೆಗೆ, ಒಂದು ಬೆಳಿಗ್ಗೆ, ಕುರ್ಚಿಯಲ್ಲಿ. ಅವರ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದವರೇ ಗೋಡೆ ಬಡಿದು ನನ್ನನ್ನು ಕರೆದರು. "ಕುಂತಾರ್ರಿ. ಇವರು ಕುಂತಾರಂದ್ರ ಏನೋ ಆಗ್ಯದ." ಆಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಅವರನ್ನು ಕೂರಿಸಿದ್ದು ನೋಡುವುದು ನನಗೆ ಕಷ್ಟವಾಯಿತು. ಈಗ ಎದ್ದು "ಬೆನ್ನು ನೆಟ್ಟಗ" ಎಂದಾರು ಅನಿಸುತ್ತಿತ್ತು. ಬಂದ ನೆಂಟರಲ್ಲಿ ಒಬ್ಬರು "ಹಾಲು ಬಿಟ್ರಲ್ಲ, ಅದಕ್ಕ ಹೋದ್ರು," ಎಂದರು. ಜೀವಮಾನವಿಡೀ ಹಾಲು ಕುಡಿದವರೂ ಆ ರುದ್ರಭೂಮಿಯ ತುಂಬ ಮಣ್ಣಿನೊಳಗೆ ಕೂತಿದ್ದರು.

ನಾನು ಹಾಲು ಬಿಟ್ಟಿಲ್ಲ. ಮೊಸರಿಲ್ಲದೆ ರೊಟ್ಟಿ ನನಗೆ ಇಳಿಯುವುದಿಲ್ಲ. ಆದರೆ ಬೆಳಿಗ್ಗೆ ಚಹಾದ ಲೋಟ ಕೈಗೆ ಬಂದರೆ ಕೂತು ಕುಡಿಯಲು ಆಗುವುದಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಓಣಿ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ನನ್ನ ಹೆಂಡತಿ "ನಿಮಗೂ ಅವರ ಕಾಲು ಬಂದಾವ," ಎನ್ನುತ್ತಾಳೆ. ಡ್ರಿಲ್ ಕಲಿಸಿದ ಗುರುವಿನಿಂದ ಕೊನೆಗೆ ನನಗೆ ಬಂದ ಆಸ್ತಿ ಈ ತಳಮಳವೇ. ಇದನ್ನು ಹಿಂದಿರುಗಿಸುವ ವಿಳಾಸ ಈಗ ಇಲ್ಲ.

ಅವರು ತೀರಿಕೊಂಡ ಮೂರನೆಯ ದಿನ ಮಣ್ಣಿಗೆ ಹಾಲು-ತುಪ್ಪ ಎರೆಯಬೇಕಿತ್ತು. ಆ ನಸುಕಿನಲ್ಲಿ ಗೋಡೆಯಾಚೆ ಮಿಕ್ಸಿ ಗುಡುಗಿತು. ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಒಂದು ಗಳಿಗೆ, ಮಾಸ್ತರರು ಎದ್ದಿದ್ದಾರೆ ಎಂದೇ ನಂಬಿದೆ. ಆಮೇಲೆ ಎಲ್ಲ ನೆನಪಾಯಿತು. ಮಿಕ್ಸಿ ಮಾತ್ರ ನಿಲ್ಲಲಿಲ್ಲ.

ರುದ್ರಭೂಮಿಯಲ್ಲಿ ತಂಗಿ ಕ್ಯಾನಿನ ಮುಚ್ಚಳ ತೆಗೆದಾಗ ಹಿರಿಯರೊಬ್ಬರು ಬಗ್ಗಿ ನೋಡಿದರು. "ಇದೇನವಾ? ಮನ್ಯಾಗ ಎರಡು ಎಮ್ಮಿ ಕಟ್ಟಿ, ಅಣ್ಣಗ ಶೇಂಗಾ ನೀರು ತಂದೀಯೇನು?" ತುಪ್ಪದ ಬಟ್ಟಲಲ್ಲಿದ್ದದ್ದು ಶೇಂಗಾ ಎಣ್ಣೆ. ಆಕೆ ಪೂಜೆಗೆ ಬಂದ ಅಯ್ಯನವರ ಕಡೆ ನೋಡಿದಳು. ಅವರು ವಿಭೂತಿಯ ಕೈ ಝಾಡಿಸಿ, "ಕುಡಿಯವರು ಯಾರವಾ? ಅವರಿಗಿ ಸೇರೋದು ಹಾಕು," ಎಂದರು.

ಆಕೆ ಕೊಬ್ಬರಿ ಬಟ್ಟಲು ತುಂಬಿಕೊಂಡು ಮಣ್ಣಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಬಟ್ಟಲು ಬಗ್ಗಿಸುವಾಗ ಹಾಲು ಆಕೆಯ ಮಣಿಕಟ್ಟಿನ ಮೇಲೂ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಅಣ್ಣನ ಪಾಲು," ಎಂದಳು. ಆಮೇಲೆ ಉಳಿದವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಂತೆ:

"ಕುಡಿ, ಅಣ್ಣಾ. ಎಮ್ಮಿದಲ್ಲ."