ಟೈಪಿಸ್ಟಮ್ಮನ ಗುರುಶೋಧ

ಇಪ್ಪತ್ತೆರಡು ವರ್ಷ ವಕೀಲರ ಕಚೇರಿಯಲ್ಲಿ ಕೀಲಿಮಣೆ ಕುಟ್ಟಿದ ಟೈಪಿಸ್ಟಮ್ಮನಿಗೆ ಒಂದು ಸೋಮವಾರ ಸಿಡಿಲು ಬಡಿಯಿತು.

"ಇನ್ಮೇಲೆ ಪ್ಯಾರಾಲೀಗಲ್, ಅಂದ್ರೆ ವಕೀಲರ ಸಹಾಯಕರ ತರಬೇತಿ ಆಗಿರ್ಬೇಕಮ್ಮ. ಇಲ್ದಿದ್ರೆ ಕೇಸಿನ ಫೈಲು ಮುಟ್ಟೋ ಹಾಗಿಲ್ಲ. ಫೋನ್ ಎತ್ಕೊಂಡಿರಬಹುದು," ಎಂದರು ವಕೀಲರು, ಅವಳೇ ತಿದ್ದಿಕೊಟ್ಟ ಅರ್ಜಿಗೆ ಸಹಿ ಹಾಕುತ್ತಾ.

ಫೋನ್ ಎತ್ತುವುದೇ! ಟೈಪಿಸ್ಟಮ್ಮ ಕನ್ನಡಕ ಏರಿಸಿಕೊಂಡು ಊರಿನ ತರಬೇತಿ ಸಂಸ್ಥೆಗಳ ಮೇಲೆ ದಂಡಯಾತ್ರೆ ಹೊರಟಳು. ಆಯುಧ ಒಂದೇ: ಹೆಸರುಗಳಿಗೆ ಮಸಿ ಬಳಿದ ಅಫಿಡವಿಟ್ಟಿನ ನಕಲು. ಪಕ್ಕದವರ ಗೋಡೆ ಬಿದ್ದು ತನ್ನ ಅಡುಗೆಮನೆ ಜಖಂ ಆಯಿತೆಂದು ಒಬ್ಬ ಹೆಂಗಸು ಪ್ರಮಾಣ ಮಾಡಿ ಹೇಳಿದ್ದು. ಆ ನಕಲಿನಲ್ಲಿ ಟೈಪಿಸ್ಟಮ್ಮ ಬೇಕೆಂದೇ ಆ ಹೆಂಗಸಿಗೆ ಮೂವತ್ತು, ಅವಳ ಮಗನಿಗೆ ಮೂವತ್ತೆರಡು ವಯಸ್ಸು ಮಾಡಿದ್ದಳು. ಇಷ್ಟನ್ನೂ ಹಿಡಿಯದವರ ಹತ್ತಿರ ಕಲಿಯುವುದೇನು ಮಣ್ಣು?

ಮೊದಲ ಸಂಸ್ಥೆಯಲ್ಲಿ ಗಾಜಿನ ಬಾಗಿಲು, ಕೋಟು ತೊಟ್ಟ ನಿರ್ದೇಶಕ. ಕಾಗದದ ಮೇಲೆ ಕಣ್ಣಾಡಿಸಿ, "ಎಕ್ಸಲೆಂಟ್ ಮೇಡಂ! ಕೆಲಸ ಗ್ಯಾರಂಟಿ," ಎಂದ. ಇರುವ ಕೆಲಸ ಉಳಿಸಿಕೊಳ್ಳಲು ಬಂದವಳಿಗೆ! ಎರಡನೆಯ ಕಡೆ ಮೇಜಿನ ಹುಡುಗಿ, "ಹದಿನೈದೇ ದಿನ ಆಂಟಿ, ಓದೋ ತಲೆನೋವೇ ಇಲ್ಲ," ಎಂದಳು. ಮೂರನೆಯ ಕಡೆ ಮೇಷ್ಟ್ರು ಪೂರ್ತಿ ಓದಿದರು, ಕಣ್ಣೊರೆಸಿಕೊಂಡರು. "ಪಾಪ, ಬೆಳೆದ ಮಗನಾದ್ರೂ ಇದಾನಲ್ಲ ಆ ತಾಯಿಗೆ."

"ಎಲ್ಲೋ ಒಂದ್ಕಡೆ ಸೇರ್ಕೊಳ್ಳೇ, ನಿನಗೆ ಬೇಕಾಗಿರೋದು ಕಾಗದ ತಾನೆ?" ಎಂದ ಗಂಡ.

"ಕಾಗದ ಬೇಕಿದ್ರೆ ಅಂಗಡೀಲಿ ತರ್ತಿದ್ದೆ, ಸುಮ್ನಿರಿ!"

ನಾಲ್ಕನೆಯದು ಸೈಕಲ್ ರಿಪೇರಿ ಅಂಗಡಿಯ ಮಹಡಿ. ಆರು ಬೆಂಚು, ಒಬ್ಬ ನಿವೃತ್ತ ಕೋರ್ಟ್ ಗುಮಾಸ್ತರು. ಬನ್ನಿ, ಕೂತ್ಕೊಳ್ಳಿ ಏನೂ ಇಲ್ಲ. ಕಾಗದ ಕಿತ್ತುಕೊಂಡು ಓದಿದರು.

"ಮಗನಿಗಿಂತ ತಾಯಿ ಚಿಕ್ಕೋಳು. ಬೇಕೂಂತ್ಲೇ ಮಾಡಿದ್ದೀಯಲ್ವೇನಮ್ಮ?"

ಗುರು ಸಿಕ್ಕಿದರು! ಟೈಪಿಸ್ಟಮ್ಮ ಉಬ್ಬಿಹೋದಳು. "ಹೌದು ಸಾರ್!"

"ಇದೂ ಬೇಕೂಂತ್ಲೇನಾ? ಗೋಡೆ ಬಿದ್ದಿದ್ದು ಹನ್ನೆರಡನೇ ತಾರೀಖು. ಬಿದ್ದದ್ದನ್ನ ಕಣ್ಣಾರೆ ಕಂಡೆ ಅಂತ ಈಯಮ್ಮ ಪ್ರಮಾಣ ಮಾಡಿದ್ದು ಹತ್ತಕ್ಕೆ!"

ಟೈಪಿಸ್ಟಮ್ಮ ಕಾಗದ ವಾಪಸ್ ಕಿತ್ತುಕೊಂಡು ನೋಡಿದಳು. ಅದು ಅವಳದೇ ಕೈತಪ್ಪು. ಅಸಲು ಪ್ರತಿಯಲ್ಲೂ ಹಾಗೇ ಇತ್ತು. ಅದು ಅಂದು ಮಧ್ಯಾಹ್ನವೇ ಕೋರ್ಟಿಗೆ ಹೋಗಬೇಕಿತ್ತು! ನಿಂತಲ್ಲೇ ವಕೀಲರಿಗೆ ಫೋನ್ ಹಚ್ಚಿದಳು.

"ಸಾರ್, ಗೋಡೆ ಕೇಸು ಕಳಿಸ್ಬೇಡಿ! ತಾರೀಖು ತಪ್ಪಾಗಿದೆ."

"ಅಯ್ಯೋ! ಯಾರಮ್ಮ ಹಿಡಿದಿದ್ದು?"

"ನಮ್ಮ ಮೇಷ್ಟ್ರು."

"ಇನ್ನೂ ಸೇರೇ ಇಲ್ಲ, ಆಗ್ಲೇ ನಮ್ಮ ಮೇಷ್ಟ್ರಂತೆ," ಎಂದು ಗೊಣಗುತ್ತಾ ಗುಮಾಸ್ತರು ಪ್ರವೇಶದ ಅರ್ಜಿಯನ್ನು ಅವಳತ್ತ ತಳ್ಳಿದರು. ಟೈಪಿಸ್ಟಮ್ಮ ಕೂತು ಎಚ್ಚರಿಕೆಯಿಂದ ತುಂಬಿ ಕೊಟ್ಟಳು. ಎರಡು ಆಕ್ಷೇಪಣೆಗಳೊಂದಿಗೆ ಅದು ವಾಪಸ್ ಬಂತು.